ಹಳೆಯ ಕಂಪೈಲರ್‌ಗೆ ನಿವೃತ್ತಿ ಯಾವಾಗ?

ಕಳೆದ ತಿಂಗಳು ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಗೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಹಳೆಯ ನೋಟ್‌ಬುಕ್ ಹಿಡಿದುಕೊಂಡು ಬಂದಳು. ಅದು ಅವಳ ಅಣ್ಣನದು. ಅವನು ಡಿಗ್ರಿ ಓದುವಾಗ ಬರೆದುಕೊಂಡಿದ್ದ ‘ಸಿ’ ಭಾಷೆಯ ಪ್ರೋಗ್ರಾಂಗಳು ಅದರಲ್ಲಿದ್ದವು. ಈಗ ಅವನು ಪೆನುಕೊಂಡದ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ತಂಗಿಗೆ ಕಂಪ್ಯೂಟರ್ ಆಸೆ ಅಂತ ಗೊತ್ತಾಗಿ ನೋಟ್‌ಬುಕ್ಕನ್ನು ಅವಳಿಗೆ ಕೊಟ್ಟಿದ್ದ.

ಹುಡುಗಿ ಮೊದಲ ಪ್ರೋಗ್ರಾಮನ್ನು ಟೈಪ್ ಮಾಡಿದಳು. ನಮ್ಮ ಲ್ಯಾಬಿನ ಕಂಪ್ಯೂಟರಿನಲ್ಲಿರುವುದು ಲಿನಕ್ಸ್. ಪರದೆಯ ಮೇಲೆ ಸಾಲುಸಾಲು ಎರರ್ ಬಂತು.

“ಸಾರ್, ಅಣ್ಣ ಬರೆದಿದ್ದನ್ನ ಒಂದಕ್ಷರ ಬಿಡದೆ ಹೊಡೆದಿದ್ದೀನಿ. ಆದ್ರೂ ತಪ್ಪು ಅಂತಿದೆ.”

ನಾನು ಬಗ್ಗಿ ನೋಡಿದೆ. ‘ಕೊನಿಯೋ ಡಾಟ್ ಎಚ್ ಎಂಬ ಫೈಲ್ ಇಲ್ಲ’ ಎಂದು ಕಂಪ್ಯೂಟರ್ ಹೇಳುತ್ತಿತ್ತು. ನನಗೆ ನಗು ಬಂತು. ಬಿಎಸ್ಸಿಯಲ್ಲಿದ್ದಾಗ ನಾನೂ ಪ್ರತಿ ಪ್ರೋಗ್ರಾಮಿನ ಮೇಲೆ ಅದೇ ಸಾಲನ್ನು ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದೆ. “ಇದು ಹಳೆಯ ಕಂಪೈಲರಿಗೆ ಬರೆದದ್ದಮ್ಮಾ” ಅಂದೆ. ಅವಳು ನೋಟ್‌ಬುಕ್ ಮುಚ್ಚಿ ಕೇಳಿದಳು: “ಹಾಗಾದ್ರೆ ನಮ್ಮಣ್ಣ ಮೂರು ವರ್ಷ ಕಲಿತದ್ದು ದಂಡವಾ ಸಾರ್?”

ಆ ಪ್ರಶ್ನೆಗೆ ಅಲ್ಲಿ ನಿಂತು ಒಂದು ಮಾತಿನಲ್ಲಿ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಅದಕ್ಕೇ ಈ ಲೇಖನ. ಮಕ್ಕಳೇ, ನೀವೂ ಅವಳ ಪಕ್ಕದಲ್ಲಿ ಕೂತಿದ್ದೀರಿ ಅಂದುಕೊಂಡು ಓದಿ.

ಕಂಪೈಲರ್ ಅಂದರೆ ಏನು?

ನಮ್ಮ ಸೋಮಂದೇಪಲ್ಲಿಯಲ್ಲಿ ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು ಮಾತಾಡುವವರು ಎಷ್ಟೋ ಮಂದಿ. ಕನ್ನಡ ಮಾತ್ರ ಬರೆಯಬಲ್ಲ ಅಜ್ಜಿಯೊಬ್ಬರು ಕಚೇರಿಗೆ ಅರ್ಜಿ ಹಾಕಬೇಕು ಅಂದುಕೊಳ್ಳಿ. ಎರಡೂ ಭಾಷೆ ಬಲ್ಲ ಒಬ್ಬರು ಅಜ್ಜಿಯ ಅರ್ಜಿಯನ್ನು ಪೂರ್ತಿ ಓದಿ, ತೆಲುಗಿನಲ್ಲಿ ಬರೆದುಕೊಡುತ್ತಾರೆ. ಕಂಪೈಲರ್ ಮಾಡುವುದೂ ಅದನ್ನೇ. ನಾವು ಸಿ, ಸಿ ಪ್ಲಸ್ ಪ್ಲಸ್ ಮುಂತಾದ ಭಾಷೆಯಲ್ಲಿ ಬರೆದದ್ದನ್ನು ಅದು ಪೂರ್ತಿ ಓದಿ, ಪ್ರೊಸೆಸರಿಗೆ ಅರ್ಥವಾಗುವ ಸೊನ್ನೆ ಮತ್ತು ಒಂದರ ಭಾಷೆಗೆ ತಿರುಗಿಸುತ್ತದೆ. ಕಂಪೈಲರ್ ಕೂಡ ಒಂದು ಪ್ರೋಗ್ರಾಮೇ.

ಇನ್ನೊಂದು ಮಾತು ಗಮನಿಸಿ. ಕಂಪ್ಯೂಟರನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ ಇದೆಯಲ್ಲ, ಅದನ್ನೂ ಮನುಷ್ಯರೇ ಬರೆದದ್ದು, ಹೆಚ್ಚಿನ ಭಾಗ ಸಿ ಭಾಷೆಯಲ್ಲಿ. ಅಂದರೆ ಅದನ್ನು ಕಟ್ಟುವುದಕ್ಕೂ ಕಂಪೈಲರ್ ಬೇಕು. ಕಂಪೈಲರಿಗೆ ಗೊತ್ತಿರುವಷ್ಟೇ ಭಾಷೆಯಲ್ಲಿ ಆಪರೇಟಿಂಗ್ ಸಿಸ್ಟಮ್ ಬರೆಯಲು ಸಾಧ್ಯ. ಅದಕ್ಕೆ ಗೊತ್ತಿರುವ ಪ್ರೊಸೆಸರ್‌ಗಳ ಮೇಲಷ್ಟೇ ಅದು ಓಡಬಲ್ಲದು.

ಎಂಬತ್ತು ಕಿಲೋ ಗೂಡಿನ ಲೆಕ್ಕ

ಅಣ್ಣನ ನೋಟ್‌ಬುಕ್ಕಿನಲ್ಲಿದ್ದದ್ದು ಟರ್ಬೋ ಸಿ ಕಂಪೈಲರಿಗೆ ಬರೆದ ಪ್ರೋಗ್ರಾಂಗಳು. ಬೋರ್ಲ್ಯಾಂಡ್ ಎಂಬ ಅಮೆರಿಕದ ಕಂಪನಿ 1987ರಲ್ಲಿ ಟರ್ಬೋ ಸಿ ಬಿಡುಗಡೆ ಮಾಡಿತು, 1990ರಲ್ಲಿ ಟರ್ಬೋ ಸಿ ಪ್ಲಸ್ ಪ್ಲಸ್ ಬಂತು. ನೀಲಿ ಪರದೆ, ಹಳದಿ ಅಕ್ಷರ. ಚಿಕ್ಕದು, ಚುರುಕು. ಬರೆಯುವುದು, ತಿದ್ದುವುದು, ಓಡಿಸುವುದು ಎಲ್ಲಾ ಒಂದೇ ಕಡೆ. ನಮ್ಮ ದೇಶದ ಸಾವಿರಾರು ಕಾಲೇಜುಗಳಲ್ಲಿ ಒಂದಿಡೀ ತಲೆಮಾರು ಇದರಲ್ಲೇ ಪ್ರೋಗ್ರಾಮಿಂಗ್ ಕಲಿತಿತು.

ಆದರೆ ಅದು ಡಾಸ್ ಕಾಲದ್ದು. ಆಗಿನ ಪ್ರೊಸೆಸರ್ ಒಂದು ಸಲಕ್ಕೆ 16 ಬಿಟ್‌ನ ಲೆಕ್ಕ ಮಾಡುತ್ತಿತ್ತು. ಹಾಗಾಗಿ ಟರ್ಬೋ ಸಿಯಲ್ಲಿ ಸಾಮಾನ್ಯ ಪೂರ್ಣಾಂಕ, ಅಂದರೆ ‘ಇಂಟ್’, 16 ಬಿಟ್‌ನದು. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 32767. ಅತಿ ಚಿಕ್ಕದು ಮೈನಸ್ 32768. ಒಟ್ಟು 65536 ಸಂಖ್ಯೆಗಳು.

ಇದರಿಂದ ಏನಾಗುತ್ತೆ ನೋಡಿ. ನಿಮ್ಮ ಮನೆಯವರು ಹಿಂದೂಪುರದ ರೇಷ್ಮೆಗೂಡು ಮಾರುಕಟ್ಟೆಗೆ 80 ಕಿಲೋ ಗೂಡು ತೆಗೆದುಕೊಂಡು ಹೋದರು, ಕಿಲೋಗೆ 500 ರೂಪಾಯಿ ಸಿಕ್ಕಿತು ಅಂದುಕೊಳ್ಳಿ. ಬರಬೇಕಾದ ಹಣ 40000 ರೂಪಾಯಿ. ಅದೇ ಗುಣಾಕಾರವನ್ನು ಟರ್ಬೋ ಸಿಯಲ್ಲಿ ಇಂಟ್ ಹಾಕಿ ಮಾಡಿಸಿದರೆ ಉತ್ತರ ಮೈನಸ್ 25536! 40000 ಎಂಬುದು 32767ನ್ನು ದಾಟಿತು. ಕಾರಿನ ಮೀಟರ್ ಪೂರ್ತಿ ತಿರುಗಿ ಮತ್ತೆ ಹಿಂದಿನಿಂದ ಶುರುವಾಗುವ ಹಾಗೆ, ಸಂಖ್ಯೆ ತಿರುಗಿ ಋಣಸಂಖ್ಯೆಯ ಕಡೆಗೆ ಹೋಯಿತು. 40000ದಿಂದ 65536 ಕಳೆದು ನೋಡಿ, ಅದೇ ಉತ್ತರ ಬರುತ್ತೆ. ಮಾರಿದ ರೈತನೇ ಸಾಲಗಾರನಾದ ಹಾಗಾಯಿತಲ್ವಾ?

ಇವತ್ತಿನ ಸಾಮಾನ್ಯ ಕಂಪೈಲರ್‌ಗಳಲ್ಲಿ ಇಂಟ್ 32 ಬಿಟ್‌ನದು. 214 ಕೋಟಿಗೂ ಮೇಲಿನ ಸಂಖ್ಯೆ ಹಿಡಿಸುತ್ತದೆ.

ಹುಡುಗಿಗೆ ಬಂದ ಎರರ್ ಬೇರೆ ಕಾರಣದ್ದು. ಕೊನಿಯೋ ಎಂಬ ಫೈಲ್, ಪರದೆ ಒರೆಸುವ ಆಜ್ಞೆ, ಇವು ಸಿ ಭಾಷೆಯ ಮಾನಕದಲ್ಲಿ ಯಾವತ್ತೂ ಇರಲಿಲ್ಲ. ಡಾಸ್‌ಗಾಗಿ ಸೇರಿಸಿದ್ದವು. ಹಾಗೆಯೇ ಸಿ ಪ್ಲಸ್ ಪ್ಲಸ್ ಭಾಷೆಯ ಮೊದಲ ಅಂತರರಾಷ್ಟ್ರೀಯ ಮಾನಕ ಬಂದದ್ದು 1998ರಲ್ಲಿ. ಅದಕ್ಕೂ ಮುಂಚೆ ಹುಟ್ಟಿದ ಕಂಪೈಲರಿಗೆ ಆ ಮಾನಕದ ನಿಯಮಗಳು ಹೇಗೆ ಗೊತ್ತಿರುತ್ತೆ? 64 ಬಿಟ್ ವಿಂಡೋಸ್ ಬಂದ ಮೇಲಂತೂ 16 ಬಿಟ್‌ನ ಟರ್ಬೋ ಸಿ ನೇರವಾಗಿ ಓಡುವುದೇ ನಿಂತಿತು. ಆಗ ನಾವು ಏನು ಮಾಡಿದೆವು ಗೊತ್ತಾ? ಡಾಸ್‌ಬಾಕ್ಸ್ ಎಂಬ ಇನ್ನೊಂದು ಪ್ರೋಗ್ರಾಂ ಹಾಕಿ, ಹೊಸ ಕಂಪ್ಯೂಟರಿನೊಳಗೆ ಹಳೆಯ ಕಂಪ್ಯೂಟರಿನ ವೇಷ ಹಾಕಿಸಿ, ಅದರೊಳಗೆ ಟರ್ಬೋ ಸಿ ಓಡಿಸಿದೆವು. ‘ಇನ್ನು ಸಾಕು, ಇಂಥ ದಿನದಿಂದ ಹೊಸದು’ ಎಂದು ತಾರೀಖು ಹೇಳಿದವರು ನಮ್ಮ ಸುತ್ತ ಯಾರೂ ಇರಲಿಲ್ಲ.

ಹಾಗಾದರೆ ತಾರೀಖು ಇಟ್ಟು ಕಂಪೈಲರಿಗೆ ನಿವೃತ್ತಿ ಕೊಟ್ಟವರು ಇದ್ದಾರಾ? ಇದ್ದಾರೆ.

ಫ್ರೀಬಿಎಸ್‌ಡಿ ಹದಿಮೂರು ವರ್ಷ ಕಾದ ಕಥೆ

ಫ್ರೀಬಿಎಸ್‌ಡಿ ಎಂಬುದು 1993ರಲ್ಲಿ ಶುರುವಾದ ಒಂದು ಮುಕ್ತ ಆಪರೇಟಿಂಗ್ ಸಿಸ್ಟಮ್. ಲಿನಕ್ಸಿನಷ್ಟು ಹೆಸರು ಕೇಳಿರಲಿಕ್ಕಿಲ್ಲ. ಆದರೆ ನೆಟ್‌ಫ್ಲಿಕ್ಸ್ ಸಿನಿಮಾ ಹಂಚುವ ಸರ್ವರ್‌ಗಳಲ್ಲಿ ಓಡುವುದು ಇದೇ. ಇದರ ವಿಶೇಷ ಏನೆಂದರೆ, ತಿರುಳಿನ ಜೊತೆಗೆ ಮುಖ್ಯ ಸಲಕರಣೆಗಳನ್ನೂ ಕಂಪೈಲರನ್ನೂ ಒಂದೇ ಮೂಟೆಯಲ್ಲಿ ಕೊಡುತ್ತಾರೆ. ಈ ಮೂಟೆಗೆ ‘ಮೂಲ ವ್ಯವಸ್ಥೆ’ ಅನ್ನೋಣ.

ಆ ಮೂಟೆಯೊಳಗೆ ಇದ್ದ ಕಂಪೈಲರ್ ಜಿಸಿಸಿ. ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಮೊದಲು ಹೊರತಂದ, ಇವತ್ತಿಗೂ ಬೆಳೆಯುತ್ತಿರುವ ದೊಡ್ಡ ಕಂಪೈಲರ್ ಅದು. 2007ರಲ್ಲಿ ಒಂದು ತಿರುವು ಬಂತು. ಆ ವರ್ಷ ಜಿಪಿಎಲ್ ಎಂಬ ಪರವಾನಗಿಯ ಮೂರನೇ ಆವೃತ್ತಿ ಬಂತು, ಜಿಸಿಸಿ ಅದಕ್ಕೆ ಬದಲಾಯಿತು. ಅದರಲ್ಲಿ ಹೊಸ ಷರತ್ತುಗಳಿದ್ದವು. ಯಾರು ಬೇಕಾದರೂ ಹೇಗೆ ಬೇಕಾದರೂ ಬಳಸಲಿ ಎಂಬುದು ಫ್ರೀಬಿಎಸ್‌ಡಿಯವರ ನೀತಿ. ಹೊಸ ಷರತ್ತಿನ ತಂತ್ರಾಂಶವನ್ನು ಮೂಲ ವ್ಯವಸ್ಥೆಗೆ ತರುವುದು ಬೇಡ ಎಂದು ಅವರು ತೀರ್ಮಾನಿಸಿದರು. ಹಳೆಯ ಪರವಾನಗಿಯಲ್ಲಿ ಬಂದ ಕೊನೆಯದು ಜಿಸಿಸಿ 4.2.1, 2007ರ ಜುಲೈನದು. ಅದು ಅಲ್ಲಿಗೇ ನಿಂತಿತು.

ಅದೇ ಹೊತ್ತಿಗೆ ಇನ್ನೊಂದು ಕಂಪೈಲರ್ ಬೆಳೆಯುತ್ತಿತ್ತು. 2000ದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ವಿಕ್ರಮ್ ಆಡ್ವೆ ಎಂಬ ಪ್ರಾಧ್ಯಾಪಕರು ಮತ್ತು ಅವರ ವಿದ್ಯಾರ್ಥಿ ಕ್ರಿಸ್ ಲ್ಯಾಟ್ನರ್ ಶುರು ಮಾಡಿದ ಎಲ್‌ಎಲ್‌ವಿಎಂ ಯೋಜನೆ. ಅದರ ಮೇಲೆ ಕಟ್ಟಿದ ಸಿ ಕಂಪೈಲರಿನ ಹೆಸರು ಕ್ಲ್ಯಾಂಗ್. 2012ರ ಜನವರಿಯಲ್ಲಿ ಬಂದ ಫ್ರೀಬಿಎಸ್‌ಡಿ 9.0ರಲ್ಲಿ ಎರಡೂ ಕಂಪೈಲರ್ ಜೊತೆಯಲ್ಲಿದ್ದವು. 2014ರ ಜನವರಿಯ 10.0ರಲ್ಲಿ ನಮ್ಮ ನಿಮ್ಮ ಮಾಮೂಲಿ ಪಿಸಿಗಳಿಗೆ ಕ್ಲ್ಯಾಂಗ್ ಮುಖ್ಯ ಕಂಪೈಲರ್ ಆಯಿತು.

ಹೊಸದು ಬಂತಲ್ಲ, ಹಳೆಯದನ್ನು ಅವತ್ತೇ ತೆಗೆದುಹಾಕಬಹುದಿತ್ತಲ್ವಾ? ಹಾಗೆ ಮಾಡಲಿಲ್ಲ. ಪವರ್‌ಪಿಸಿ, ಮಿಪ್ಸ್, ಸ್ಪಾರ್ಕ್64 ಎಂಬ ಬೇರೆ ಜಾತಿಯ ಪ್ರೊಸೆಸರ್‌ಗಳೂ ಇವೆ. ಅವುಗಳ ಮೇಲೆ ಫ್ರೀಬಿಎಸ್‌ಡಿ ಓಡಿಸುವವರು ಇನ್ನೂ ಜಿಸಿಸಿ 4.2.1ನ್ನೇ ನೆಚ್ಚಿಕೊಂಡಿದ್ದರು. ಕ್ಲ್ಯಾಂಗ್ ಅವುಗಳಿಗೆ ಇನ್ನೂ ಪೂರ್ತಿ ಪಳಗಿರಲಿಲ್ಲ. ಹೊಸ ಬಸ್ ಬಂತು ಅಂತ ಹಳೆಯ ಬಸ್ಸನ್ನು ಅವತ್ತೇ ನಿಲ್ಲಿಸಿದರೆ, ಹೊಸ ಬಸ್ ಹೋಗದ ಊರಿನವರು ಏನು ಮಾಡಬೇಕು?

ಇಟ್ಟುಕೊಳ್ಳುವುದೂ ಪುಕ್ಕಟೆಯಲ್ಲ

“ಇರಲಿ ಬಿಡಿ ಸಾರ್, ಒಂದು ಮೂಲೇಲಿ ಇದ್ದರೆ ಏನು ನಷ್ಟ?” ಎಂದು ನೀವು ಕೇಳಬಹುದು. ನಷ್ಟ ಇದೆ. ಮೂರು ಹೇಳುತ್ತೇನೆ.

ಮೊದಲನೆಯದು ಭಾಷೆ. 2011ರಲ್ಲಿ ಸಿ ಭಾಷೆಗೂ ಸಿ ಪ್ಲಸ್ ಪ್ಲಸ್‌ಗೂ ಹೊಸ ಮಾನಕಗಳು ಬಂದವು. 2007ರಲ್ಲಿ ನಿಂತುಹೋದ ಕಂಪೈಲರಿಗೆ ಅವು ಗೊತ್ತಿಲ್ಲ. ಇಬ್ಬರು ಅನುವಾದಕರಲ್ಲಿ ಒಬ್ಬರಿಗೆ ಹೊಸ ಪದ ಗೊತ್ತಿಲ್ಲ ಅಂದರೆ, ಬರೆಯುವವರು ಇಬ್ಬರಿಗೂ ಗೊತ್ತಿರುವ ಹಳೆಯ ಪದಗಳನ್ನೇ ಬಳಸಬೇಕಾಗುತ್ತದೆ. ಹಳೆಯದನ್ನು ಎಂದೂ ಮುಟ್ಟದ ಸಾವಿರಾರು ಜನರೂ ಅದರ ಮಿತಿಯೊಳಗೇ ಬರೆಯಬೇಕು.

ಎರಡನೆಯದು ಯಂತ್ರ. ಈಗಿನ ಮೊಬೈಲ್‌ಗಳಲ್ಲಿರುವ 64 ಬಿಟ್ ಆರ್ಮ್ ಪ್ರೊಸೆಸರಿನ ವಿನ್ಯಾಸ ಪ್ರಕಟವಾದದ್ದು 2011ರಲ್ಲಿ. 2007ರ ಕಂಪೈಲರಿಗೆ ಅಂಥದ್ದೊಂದು ಇದೆ ಅಂತಲೇ ಗೊತ್ತಿಲ್ಲ.

ಮೂರನೆಯದು ಸ್ವಾರಸ್ಯವಾದದ್ದು. ಕ್ಲ್ಯಾಂಗ್ ಕೂಡ ಒಂದು ಪ್ರೋಗ್ರಾಂ ಅಂದೆನಲ್ಲ. ಅದನ್ನು ಬರೆದಿರುವುದು ಸಿ ಪ್ಲಸ್ ಪ್ಲಸ್‌ನಲ್ಲಿ. 2014ರಿಂದ ಅದರ ಹೊಸ ಆವೃತ್ತಿಗಳನ್ನು ಕಟ್ಟಲು 2011ರ ಮಾನಕ ಗೊತ್ತಿರುವ ಕಂಪೈಲರೇ ಬೇಕು. ಅಂದರೆ ಹಳೆಯ ಜಿಸಿಸಿ ಮಾತ್ರ ಇರುವ ಯಂತ್ರದಲ್ಲಿ, ಅದರ ಜಾಗಕ್ಕೆ ಬರಬೇಕಾದ ಹೊಸ ಕಂಪೈಲರನ್ನು ಕಟ್ಟಲಿಕ್ಕೇ ಆಗದು! ತಡ ಮಾಡಿದಷ್ಟೂ ದಾಟುವ ಹೊಳೆ ಅಗಲವಾಗುತ್ತಾ ಹೋಯಿತು. ಮೊದಲೇ ಹೊರಟವರಿಗೆ ಮೊಳಕಾಲುದ್ದ ನೀರು, ಕೊನೆಗೆ ಹೊರಟವರಿಗೆ ಕುತ್ತಿಗೆಯವರೆಗೆ.

ಹೀಗೆ ಎರಡೂ ಕಡೆ ನ್ಯಾಯವಿದೆ. ಬೇಗ ತೆಗೆದರೆ ನೆಚ್ಚಿಕೊಂಡವರು ಕೆಡುತ್ತಾರೆ. ತಡವಾಗಿ ತೆಗೆದರೆ ಎಲ್ಲರೂ ಕಟ್ಟಿಹಾಕಿಕೊಳ್ಳುತ್ತಾರೆ. ನಿರ್ಧಾರ ಹೇಗೆ ಮಾಡುವುದು?

ಮೂರು ತಾರೀಖುಗಳು

2019ರ ಆಗಸ್ಟ್‌ನಲ್ಲಿ ಫ್ರೀಬಿಎಸ್‌ಡಿಯ ಹಿರಿಯರಲ್ಲೊಬ್ಬರಾದ ವಾರ್ನರ್ ಲಾಶ್ ಎಲ್ಲರ ಮುಂದೆ ಒಂದು ಯೋಜನೆ ಇಟ್ಟರು. ಮೊದಲ ಹೆಜ್ಜೆ 2019ರ ಆಗಸ್ಟ್ 31: ಅವತ್ತಿನಿಂದ ಹಳೆಯ ಕಂಪೈಲರಿನ ದಿನನಿತ್ಯದ ತಾನೇ ನಡೆಯುವ ಪರೀಕ್ಷೆ ನಿಲ್ಲುತ್ತದೆ. ಎರಡನೆಯದು ಡಿಸೆಂಬರ್ 31: ಎಲ್ಲವನ್ನೂ ಕಟ್ಟುವಾಗ ಅದನ್ನು ನೆಚ್ಚಿರುವ ಯಂತ್ರಗಳನ್ನು ತಾನಾಗಿ ಸೇರಿಸುವುದಿಲ್ಲ, ಬೇಕಾದವರು ಕೇಳಿ ಸೇರಿಸಿಕೊಳ್ಳಬೇಕು. ಮೂರನೆಯದು 2020ರ ಮಾರ್ಚ್ 31: ಪೂರ್ತಿ ತೆಗೆಯುವುದು.

ಇದರ ಜಾಣತನ ನೋಡಿ. ಒಂದೇ ಸಲ ಕತ್ತರಿಸಲಿಲ್ಲ. ಪ್ರತಿ ಹೆಜ್ಜೆಯಲ್ಲೂ ಹಿಂದಕ್ಕೆ ಬರಲು ದಾರಿ ಇತ್ತು. ಯಾರಿಗೆ ನೋವಾಗುತ್ತೆ ಅನ್ನುವುದು ಪೂರ್ತಿ ತೆಗೆಯುವ ಮುಂಚೆಯೇ ಗೊತ್ತಾಗುತ್ತಿತ್ತು. ಜೊತೆಗೆ ತಾರೀಖು ಇದ್ದದ್ದರಿಂದ ‘ನಾಳೆ ನೋಡೋಣ’ ಅನ್ನುವವರೂ ಎದ್ದು ಕೂತರು. 64 ಬಿಟ್ ಪವರ್‌ಪಿಸಿಯವರು 2020ರ ಆರಂಭದಲ್ಲಿ ಕ್ಲ್ಯಾಂಗ್‌ಗೆ ದಾಟಿದರು. ಮಿಪ್ಸ್ ಕೂಡ ಆ ಸಲಕ್ಕೆ ಉಳಿಯಿತು. ಕೊನೆಗೆ ಗೊತ್ತುಮಾಡಿದ್ದಕ್ಕಿಂತ ತುಸು ಮೊದಲೇ, 2020ರ ಫೆಬ್ರುವರಿ ಕೊನೆಯಲ್ಲಿ, ಜಿಸಿಸಿ 4.2.1 ಮೂಲ ವ್ಯವಸ್ಥೆಯಿಂದ ಹೊರಗೆ ಹೋಯಿತು. 2021ರ ಏಪ್ರಿಲ್‌ನಲ್ಲಿ ಬಂದ ಫ್ರೀಬಿಎಸ್‌ಡಿ 13.0ರಲ್ಲಿ ಅದು ಇರಲಿಲ್ಲ.

ಜಿಸಿಸಿಯನ್ನು ಬಹಿಷ್ಕರಿಸಿದರು ಅಂತ ತಿಳಿಯಬೇಡಿ. ಜಿಸಿಸಿಯ ಹೊಸ ಆವೃತ್ತಿ ಬೇಕಾದವರು ಇವತ್ತಿಗೂ ಬೇರೆಯಾಗಿ ಹಾಕಿಕೊಳ್ಳಬಹುದು. ಮನೆಗೆ ಗ್ಯಾಸ್ ಬಂದ ಮೇಲೆ ಸೌದೆ ಒಲೆ ಹಿತ್ತಲಿಗೆ ಹೋಯಿತು, ಹಬ್ಬದ ದಿನ ದೊಡ್ಡ ಪಾತ್ರೆಯಲ್ಲಿ ಮುದ್ದೆ ಮಾಡುವಾಗ ಹಚ್ಚುತ್ತೀವಿ, ಹಾಗೆ.

ದಾಟದೆ ಉಳಿದವರು

ಎಲ್ಲರೂ ದಾಟಿದರಾ? ಇಲ್ಲ. ಸನ್ ಕಂಪನಿಯ ಯಂತ್ರಗಳಲ್ಲಿದ್ದ ಸ್ಪಾರ್ಕ್64 ಪ್ರೊಸೆಸರನ್ನು ಹೊಸ ಕಂಪೈಲರಿಗೆ ತರುವ ಕೆಲಸ ಪೂರ್ತಿ ಮಾಡಲು ಸಾಕಷ್ಟು ಜನ ಇರಲಿಲ್ಲ. ಅದೇ 2020ರ ಫೆಬ್ರುವರಿಯಲ್ಲಿ ಫ್ರೀಬಿಎಸ್‌ಡಿಯಿಂದ ಸ್ಪಾರ್ಕ್64ನ್ನೂ ಕೈಬಿಟ್ಟರು. ಆ ಯಂತ್ರ ಇಟ್ಟುಕೊಂಡಿದ್ದವರಿಗೆ 12ನೇ ಆವೃತ್ತಿಯೇ ಕೊನೆ.

ಇದನ್ನು ಮುಚ್ಚಿಟ್ಟು ಕಥೆ ಹೇಳಿದರೆ ತಪ್ಪಾಗುತ್ತದೆ. ನಿವೃತ್ತಿಯ ನಿರ್ಧಾರದಲ್ಲಿ ಯಾರಿಗೋ ನಷ್ಟ ಆಗಿಯೇ ಆಗುತ್ತೆ. ಆ ನಷ್ಟ ಯಾರಿಗೆ ಅಂತ ಮೊದಲೇ ಕೇಳಿದರಾ, ಅವರಿಗೆ ಸಮಯ ಕೊಟ್ಟರಾ ಅನ್ನುವುದೇ ನಾವು ನೋಡಬೇಕಾದದ್ದು. ಹೊಸದು ಬಂದ ದಿನವೇ ಹಳೆಯದರ ನಿವೃತ್ತಿಯ ದಿನವಲ್ಲ. ನೆಚ್ಚಿಕೊಂಡವರಿಗೆ ದಾಟಲು ದಾರಿ ಸಿದ್ಧವಾದ ದಿನ ಅದು. ಆದರೆ ತಾರೀಖು ಹೇಳದಿದ್ದರೆ ಆ ದಾರಿಯನ್ನು ಯಾರೂ ಕಟ್ಟುವುದೂ ಇಲ್ಲ.

ನಮ್ಮ ಅಕ್ಷರಕ್ಕೂ ಇದೇ ಆಯಿತು

ಕನ್ನಡದವರಾದ ನಮಗೆ ಇದರ ಅನುಭವ ಬೇರೆ ರೂಪದಲ್ಲಿ ಆಗಿದೆ. ಮೊದಮೊದಲು ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಲು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ಚಿತ್ರ ಅಂಟಿಸುತ್ತಿದ್ದರು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಫೈಲ್ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಸಂಖ್ಯೆಗಳು ಸಿಕ್ಕವು. ಈಗ ಮೊಬೈಲಿನಲ್ಲಿ ನೀವು ಕಳಿಸುವ ಕನ್ನಡ ಎಲ್ಲಿ ಹೋದರೂ ಕನ್ನಡವಾಗಿಯೇ ಇರುವುದು ಅದರಿಂದ.

ಆದರೆ ಹಳೆಯ ಪದ್ಧತಿಯಲ್ಲಿ ಟೈಪ್ ಮಾಡಿದ ಫೈಲ್‌ಗಳು? ನನ್ನ ಹತ್ತಿರವೇ ಹಿರಿಯ ಶಿಕ್ಷಕರೊಬ್ಬರು ಕೊಟ್ಟ ಒಂದು ಪೆನ್‌ಡ್ರೈವ್ ತುಂಬ ಪ್ರಶ್ನೆಪತ್ರಿಕೆಗಳಿವೆ. ತೆರೆದರೆ ಒಂದಕ್ಷರ ಓದಲಾಗುವುದಿಲ್ಲ. ಪರಿವರ್ತಕ ತಂತ್ರಾಂಶ ಹಾಕಿ, ತಪ್ಪು ತಿದ್ದುತ್ತಾ, ಒಂದೊಂದಾಗಿ ದಾಟಿಸುತ್ತಿದ್ದೇನೆ. ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಇರುವ ಸಾಮಗ್ರಿಯೇ ಕಡಿಮೆ. ಇದ್ದದ್ದೂ ಹೊಳೆಯ ಆಚೆ ದಡದಲ್ಲೇ ಉಳಿದರೆ ಯಾರಿಗೆ ನಷ್ಟ ಹೇಳಿ.

ಅವಳ ಪ್ರಶ್ನೆಗೆ ಉತ್ತರ

ಮಾರನೆಯ ದಿನ ಆ ಹುಡುಗಿಯನ್ನು ಕರೆದು ಅದೇ ಪ್ರೋಗ್ರಾಮನ್ನು ತೆರೆಸಿದೆ. ಇಬ್ಬರೂ ಕೂತು ಎಣಿಸಿದೆವು. ಒಟ್ಟು 24 ಸಾಲು. ಕೊನಿಯೋ ಸಾಲು ತೆಗೆದೆವು. ಪರದೆ ಒರೆಸುವ ಸಾಲು ತೆಗೆದೆವು. ಕೊನೆಯಲ್ಲಿ ಒಂದು ಕೀಲಿ ಒತ್ತುವವರೆಗೆ ಕಾಯುವ ಸಾಲು ತೆಗೆದೆವು. ‘ವಾಯ್ಡ್ ಮೇನ್’ ಇದ್ದದ್ದನ್ನು ‘ಇಂಟ್ ಮೇನ್’ ಮಾಡಿದೆವು. ಪ್ರೋಗ್ರಾಂ ಓಡಿತು. ಹತ್ತು ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿಕೊಟ್ಟಿತು.

“ಬದಲಾಗಿದ್ದು ನಾಲ್ಕು ಸಾಲು. ನಿಮ್ಮಣ್ಣ ಯೋಚನೆ ಮಾಡಿ ಬರೆದ 20 ಸಾಲು ಹಾಗೇ ಇದೆ ನೋಡು” ಅಂದೆ. ಅವಳು ಪರದೆಯ ಫೋಟೋ ತೆಗೆದು ಅಣ್ಣನಿಗೆ ಕಳಿಸುತ್ತೀನಿ ಅಂದಳು. ನನ್ನ ಫೋನಿನಲ್ಲೇ ತೆಗೆದು ಕಳಿಸಿದೆವು.

ಕಂಪೈಲರ್ ಹಳತಾಗುತ್ತೆ. ಲೆಕ್ಕವನ್ನು ಹೆಜ್ಜೆ ಹೆಜ್ಜೆಯಾಗಿ ಒಡೆದು ಬಿಡಿಸುವ ವಿದ್ಯೆ ಹಳತಾಗುವುದಿಲ್ಲ. ಹಾಗಂತ ಅವಳ ಅಣ್ಣನಿಗೆ ನಷ್ಟವೇ ಆಗಿಲ್ಲ ಅಂತಲೂ ಹೇಳಲಾರೆ. ಅವನು ಓದುವಾಗಲೇ ಯಾರಾದರೂ ಈ ನಾಲ್ಕು ಸಾಲಿನ ವ್ಯತ್ಯಾಸ ತೋರಿಸಿದ್ದರೆ, ಹೊರಗಿನ ಕಂಪ್ಯೂಟರುಗಳ ಮುಂದೆ ಅವನು ತಡವರಿಸಬೇಕಾಗಿರಲಿಲ್ಲ.

ಕಂಪೈಲರ್ ಬರೆಯುವವರು, ನಿವೃತ್ತಿಯ ತಾರೀಖು ಇಡುವವರು ಎಲ್ಲೋ ದೂರದವರು ಅಂದುಕೊಳ್ಳಬೇಡಿ. ನಮ್ಮೂರ ಹೆದ್ದಾರಿ ಹಿಡಿದರೆ ಸಿಗುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಂಪೈಲರ್ ಸಂಶೋಧನೆ ನಡೆಯುತ್ತದೆ. ಅಲ್ಲಿ ಪ್ರಾಧ್ಯಾಪಕರಾಗಿದ್ದ ವೈ. ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ ಸಂಪಾದಿಸಿದ ಕಂಪೈಲರ್ ವಿನ್ಯಾಸದ ಕೈಪಿಡಿ 2002ರಲ್ಲಿ ಪ್ರಕಟವಾಯಿತು. ಫ್ರೀಬಿಎಸ್‌ಡಿ, ಲಿನಕ್ಸ್, ಜಿಸಿಸಿ, ಕ್ಲ್ಯಾಂಗ್, ಎಲ್ಲದರ ಒಳಗೂ ಯಾರು ಬೇಕಾದರೂ ಇಣುಕಿ ನೋಡಬಹುದು. ‘ಇದನ್ನು ತೆಗೆಯುತ್ತಿದ್ದೇವೆ, ಯಾರಿಗಾದರೂ ಬೇಕಾ?’ ಎಂದು ಅವರು ಕೇಳುವಾಗ, ಕೈ ಎತ್ತಿದವರನ್ನಷ್ಟೇ ಎಣಿಸಲು ಸಾಧ್ಯ. ನಾಳೆ ಆ ಗುಂಪಿನಲ್ಲಿ ನಮ್ಮ ಕಡೆಯ ಒಂದು ಕೈಯೂ ಇರಬೇಕು.

ನೀವೇ ಮಾಡಿ ನೋಡಿ

1. ಮನೆಯಲ್ಲಿ ಅಣ್ಣ, ಅಕ್ಕ, ಮಾಮ ಯಾರದ್ದಾದರೂ ಹಳೆಯ ಸಿ ನೋಟ್‌ಬುಕ್ ಇದ್ದರೆ ತನ್ನಿ. ಒಂದು ಪ್ರೋಗ್ರಾಂ ಈಗಿನ ಕಂಪೈಲರಿನಲ್ಲಿ ಓಡಲು ಎಷ್ಟು ಸಾಲು ಬದಲಾಯಿಸಬೇಕು ಎಣಿಸಿ.

2. ಲಿನಕ್ಸ್ ಕಂಪ್ಯೂಟರಿನಲ್ಲಿ ‘ಶಾರ್ಟ್’ ಬಗೆಯ, ಅಂದರೆ 16 ಬಿಟ್‌ನ, ಒಂದು ಚರಾಕ್ಷರಕ್ಕೆ 80 ಗುಣಿಸು 500 ಎಂದು ಬೆಲೆ ಕೊಟ್ಟು ಮುದ್ರಿಸಿ. ಮೈನಸ್ 25536 ಬಂತಾ? ಓಡಿಸುವ ಮುಂಚೆಯೇ ಕಂಪೈಲರ್ ಏನೆಂದು ಎಚ್ಚರಿಕೆ ಕೊಟ್ಟಿತು ಓದಿ.

3. ನಿಮ್ಮ ಶಾಲೆಯಲ್ಲಿ ನಿವೃತ್ತಿ ಕೊಡಬೇಕಾದ ಒಂದು ಹಳೆಯ ಸಾಧನ ಆರಿಸಿಕೊಳ್ಳಿ. ಅದನ್ನು ಯಾರು ನೆಚ್ಚಿದ್ದಾರೆ, ಅವರಿಗೆ ಬೇರೆ ದಾರಿ ಏನು, ಇಟ್ಟುಕೊಂಡರೆ ಖರ್ಚೇನು ಎಂದು ಬರೆಯಿರಿ. ಆಮೇಲೆ ಮೂರು ತಾರೀಖು ಗೊತ್ತುಮಾಡಿ, ತರಗತಿಯಲ್ಲಿ ಓದಿ ಹೇಳಿ. ಯಾರಾದರೂ ಬೇಡ ಅಂದರೆ ಕಾರಣ ಕೇಳಿ, ಬರೆದುಕೊಳ್ಳಿ.